ಸಂಕಲನವೋ, ವ್ಯವಕಲನವೋ?

ಅಂಕಗಣಿತದಲ್ಲಿ ಕೂಡುವುದಕ್ಕೆ ಸಂಕಲನವೆಂದೂ ಕಳೆಯುವುದಕ್ಕೆ ವ್ಯವಕಲನವೆಂದೂ ಹೆಸರು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಪಾಠ ಹೇಳಿ, ಈಗ ವಿಶ್ರಾಂತಿವೇತನವನ್ನು ಪಡೆಯುತ್ತಿರುವ ನನಗೆ ಈ ಎರಡು ಮಾತುಗಳೂ ಹಳೆಯ ನೆಂಟರಂತೆ ಪರಿಚಿತವಾದುವು. ಚಲಚ್ಚಿತ್ರದ ಮೊದಲಲ್ಲಿ ತೆರೆಯ ಮೇಲೆ ಸಾಗುವ ಹೆಸರುಗಳ ನಡುವೆ ‘ಸಂಕಲನ’ ಎಂಬ ಮಾತು ಬರುವುದನ್ನು ವಾಚಕರು ನೋಡಿರುವರಷ್ಟೆ. ನಟನಟಿಯರು ಯಾರು, ಸಂಗೀತವನ್ನು ಯಾರು ಕೂಡಿಸಿದರು ಎಂಬುದನ್ನು ನಾವು ಕಣ್ಣಿಟ್ಟು ಓದುತ್ತೇವೆ. ಈ ಹೆಸರು ಬಂದಾಗ ಪಕ್ಕದವರೊಡನೆ ಮಾತಾಡುತ್ತಿರುತ್ತೇವೆ. ಕಳೆದ ಒಂದೂವರೆ ವರ್ಷದಲ್ಲಿ ಈ ಕೆಲಸವನ್ನು ಬಹಳ ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತು. ಹೆಸರು ಸಂಕಲನವೆಂದಿದ್ದರೂ ಆ ವಿದ್ಯೆಯ ಬಹುಭಾಗ ವ್ಯವಕಲನವೇ ಎಂದು ಆಗ ತಿಳಿಯಿತು. ಮಕ್ಕಳು ಈ ದಾರಿಯನ್ನು ಹಿಡಿಯುವೆವೆಂದು ಹೇಳುತ್ತಿರುವ ಮನೆಗಳು ಈಗ ಅನೇಕವಾಗಿರುವುದರಿಂದ, ನಾನು ಕಂಡುದನ್ನು ನಾಲ್ಕು ಜನ ಗೃಹಸ್ಥರ ಮುಂದಿಡುವುದು ಉಚಿತವೆಂದು ತೋರಿತು.

ಅವಕಾಶ ಒದಗಿದ ಬಗೆ ಹೀಗೆ. ನನ್ನ ತಮ್ಮನ ಮಗಳು ಬಿ.ಕಾಂ. ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾದಳು. ಮುಂದೆ ಬ್ಯಾಂಕಿನ ಪರೀಕ್ಷೆಗೆ ಕುಳಿತುಕೊಳ್ಳುವಳೆಂದು ಮನೆಯವರೆಲ್ಲರೂ ನಂಬಿದ್ದರು. ಅವಳಾದರೋ, ತಾನು ವಿಡಿಯೋ ಎಡಿಟರ್ ಆಗುವೆನೆಂದೂ, ಅದಕ್ಕೆ ತಕ್ಕ ಕಂಪ್ಯೂಟರನ್ನು ತೆಗೆಸಿಕೊಡಬೇಕೆಂದೂ ತಂದೆಯನ್ನು ಕೇಳಿದಳು. ಅದರ ಬೆಲೆ ಒಂದು ಲಕ್ಷ ರೂಪಾಯಿಗೆ ಮೇಲೆ. ತಮ್ಮನ ಸಂಬಳ ಸಣ್ಣದು. ಹಿರಿಯ ಮಗಳ ಮದುವೆಗೆ ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಅವನು ನನ್ನಲ್ಲಿಗೆ ಬಂದು, “ಅಣ್ಣಾ, ನಾನು ಹೇಳಿದರೆ ಅಳುತ್ತಾಳೆ, ಅವಳ ತಾಯಿ ಹೇಳಿದರೆ ಊಟ ಬಿಡುತ್ತಾಳೆ. ನಿನ್ನ ಮಾತು ಕೇಳುತ್ತಾಳೆ, ನೀನೇ ಬುದ್ಧಿ ಹೇಳು” ಎಂದನು. ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ಉಪಾಧ್ಯಾಯನಿಗೆ ಸಲ್ಲದು. ಹುಡುಗಿಯನ್ನು ಕರೆದು, “ಮಗೂ, ನೀನು ಮಾಡುವೆನೆನ್ನುವ ಕೆಲಸವೇನೆಂಬುದನ್ನು ಮೊದಲು ನನಗೆ ಪಾಠ ಹೇಳು, ಬುದ್ಧಿಯ ಮಾತು ಆಮೇಲಾಗಲಿ” ಎಂದೆನು. “ಆಗಲಿ ದೊಡ್ಡಪ್ಪ” ಎಂದು ಅವಳು ಒಪ್ಪಿದಳು. ಅಂದಿನಿಂದ ಅವಳು ಗುರು, ನಾನು ಶಿಷ್ಯ.

ಕೆಲಸದ ಸ್ವರೂಪವನ್ನು ಹೇಳುವುದಕ್ಕೆ ಮದುವೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎರಡು ದಿನದ ಮದುವೆಯಲ್ಲಿ ಮೂರು ಕ್ಯಾಮೆರಾಗಳು ಓಡಾಡಿದರೆ ಹದಿನೈದು ಇಪ್ಪತ್ತು ಗಂಟೆಗಳ ಚಿತ್ರ ಬಂದು ಬೀಳುವುದು. ಮನೆಯವರಿಗೆ ಬೇಕಾದುದು ಎರಡು ಗಂಟೆಯದೊಂದು, ನೆಂಟರಿಗೆ ಕಳುಹಿಸುವುದಕ್ಕೆ ಐದು ನಿಮಿಷದ್ದೊಂದು. ಮೊತ್ತಮೊದಲ ಕೆಲಸವೆಂದರೆ ಬಂದುದೆಲ್ಲವನ್ನೂ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಿಗೆ ಪ್ರತಿಮಾಡಿಡುವುದು. ಒಂದು ಕೆಟ್ಟರೆ ಮದುವೆಯನ್ನು ಮತ್ತೊಮ್ಮೆ ಮಾಡಿಸಲಾಗದಷ್ಟೆ. ಬಳಿಕ ವರಪೂಜೆ, ಕಾಶೀಯಾತ್ರೆ, ಧಾರೆ, ಸಪ್ತಪದಿ, ಆರತಕ್ಷತೆ ಎಂದು ವಿಂಗಡಿಸಬೇಕು. ಬೇರೆ ಯಂತ್ರದಲ್ಲಿ ಹಿಡಿದ ಧ್ವನಿಯನ್ನು ತುಟಿಯ ಚಲನೆಗೆ ಹೊಂದಿಸಬೇಕು. ಆಮೇಲೆ ಎಲ್ಲವನ್ನೂ, ಬೇಸರವಾದರೂ ಬಿಡದೆ, ನೋಡಬೇಕು. ಶ್ಲೋಕಕ್ಕೆ ಅನ್ವಯ ಮಾಡುವ ವಿದ್ಯಾರ್ಥಿ ಮೊದಲು ಕ್ರಿಯಾಪದವನ್ನು ಹುಡುಕಿ, ಆಮೇಲೆ ಯಾರು, ಯಾರನ್ನು, ಏತರಿಂದ ಎಂದು ಕೇಳಿಕೊಳ್ಳುತ್ತ ಹೋಗುವನಲ್ಲವೆ? ಇದೂ ಹಾಗೆಯೇ. ಹೀಗೆ ಆರಿಸಿದವನ್ನು ಸಾಲಾಗಿ ಜೋಡಿಸಿದರೆ ಅದು ಅಸೆಂಬ್ಲಿ. ಅದನ್ನು ತಗ್ಗಿಸಿ ಆಕಾರ ಕೊಟ್ಟರೆ ರಫ್ ಕಟ್. ಕಣ್ಣು ಮಿಟುಕಿಸುವಷ್ಟು ಕಾಲವನ್ನೂ ಲೆಕ್ಕವಿಟ್ಟು ತಿದ್ದಿದರೆ ಫೈನ್ ಕಟ್. ಧ್ವನಿಯ ಏರಿಳಿತ, ಬಣ್ಣದ ಹದ, ಇವೆಲ್ಲ ಆಮೇಲಿನವು. ನಮ್ಮ ದೇಶದ ದೂರದರ್ಶನದ ಲೆಕ್ಕದಲ್ಲಿ ಒಂದು ಸೆಕೆಂಡಿಗೆ ೨೫ ಚಿತ್ರಗಳು. ಹುಡುಗಿ ಒಂದೊಂದು ಚಿತ್ರವನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡುತ್ತಿದ್ದುದನ್ನು ಕಂಡಾಗ ಒಂದೊಂದು ಮಾತ್ರೆಗೂ ಲೆಕ್ಕವಿಡುವ ನಮ್ಮ ಛಂದಸ್ಸಿನವರ ನೆನಪಾಗುತ್ತಿತ್ತು.

ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಅರ್ಥ ಹೇಗೆ ಹುಟ್ಟುವುದು ಎಂಬುದು ಈ ವಿದ್ಯೆಯ ಮೂಲಪ್ರಶ್ನೆ. ರಷ್ಯಾದೇಶದ ಕುಲೆಶೋವ್ ಎಂಬ ನಿರ್ದೇಶಕರು ಸುಮಾರು ೧೯೨೦ರ ಹೊತ್ತಿಗೆ ಮಾಡಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಮೊಜುಖಿನ್ ಎಂಬ ನಟನ ನಿರ್ವಿಕಾರವಾದ ಮುಖದ ಒಂದೇ ಚಿತ್ರವನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕದಲ್ಲಿಯೂ, ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿಸಿದ ಮಗುವಿನ ಪಕ್ಕದಲ್ಲಿಯೂ, ಒಮ್ಮೆ ಒಬ್ಬ ಹೆಂಗಸಿನ ಪಕ್ಕದಲ್ಲಿಯೂ ಅವರು ಜೋಡಿಸಿ ತೋರಿಸಿದರು. ಮುಖ ಬದಲಾಗಿರಲಿಲ್ಲ. ನೋಡಿದವರು ಮಾತ್ರ ಹಸಿವನ್ನೂ ದುಃಖವನ್ನೂ ಮೋಹವನ್ನೂ ಬೇರೆ ಬೇರೆಯಾಗಿ ಆ ಮುಖದಲ್ಲಿ ಕಂಡರಂತೆ. ಹುಡುಗಿ ಇದನ್ನು ಹೇಳಿದಾಗ ನನಗೆ ಆಶ್ಚರ್ಯಕ್ಕಿಂತ ಸಂತೋಷವೇ ಹೆಚ್ಚಾಯಿತು. ವಾಕ್ಯದಿಂದ ಅರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿರುವರು. ಒಂದು ಪದ ಇನ್ನೊಂದನ್ನು ಬೇಡಬೇಕು. ಎರಡೂ ಒಂದಕ್ಕೊಂದು ಒಪ್ಪಬೇಕು. ಬೆಂಕಿಯಿಂದ ಗಿಡವನ್ನು ನೆನೆಸಿದನೆಂದರೆ ಒಪ್ಪುವುದಿಲ್ಲ. ಮೂರನೆಯದಾಗಿ, ಅವು ಹತ್ತಿರ ಹತ್ತಿರ ಬರಬೇಕು. ಈಗೊಂದು ಪದವನ್ನೂ ಸಂಜೆಗೊಂದು ಪದವನ್ನೂ ಉಚ್ಚರಿಸಿದರೆ ವಾಕ್ಯವಾಗದು. ಇದನ್ನು ನಾನು ಅವಳಿಗೆ ವಿವರಿಸಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ದೊಡ್ಡಪ್ಪ, ಬಾಗಿಲು ತಟ್ಟಿದ ಚಿತ್ರ ಬಂದರೆ ತೆರೆದವರು ಯಾರು ಎಂದು ನೋಡುವವನು ಕಾಯುತ್ತಾನೆ. ಅದೇ ಆಕಾಂಕ್ಷೆ ಅಲ್ಲವೆ?” ಎಂದಳು. ಪಾಠ ಹೇಳಿದವನಿಗೆ ಇದಕ್ಕಿಂತ ಬೇರೆ ದಕ್ಷಿಣೆ ಬೇಡ.

ಇನ್ನು ವ್ಯವಕಲನದ ಮಾತು. ಅಮೆರಿಕಾದಲ್ಲಿ ೧೯೭೯ರಲ್ಲಿ ತೆರೆಕಂಡ ‘ಅಪೋಕ್ಯಾಲಿಪ್ಸ್ ನೌ’ ಎಂಬ ಚಿತ್ರದ ಸಂಕಲನಕಾರರಲ್ಲೊಬ್ಬರಾದ ವಾಲ್ಟರ್ ಮರ್ಚ್ ಎಂಬವರು ತಮ್ಮ ಅನುಭವವನ್ನು ಬರೆದಿರುವರು. ಆ ಚಿತ್ರಕ್ಕಾಗಿ ತೆಗೆದುದು ೨೩೦ ಗಂಟೆಗಳಷ್ಟು. ಉಳಿದುದು ೨ ಗಂಟೆ ೨೫ ನಿಮಿಷ. ಎಂದರೆ ೯೫ ಭಾಗದಲ್ಲಿ ಒಂದು ಭಾಗ ನಿಂತಿತು. ಕೊನೆಗೆ ಚಿತ್ರದಲ್ಲಿರುವ ಕತ್ತರಿಕೆಗಳನ್ನು ಎಣಿಸಿ, ಸಂಕಲನಕಾರರು ದುಡಿದ ದಿನಗಳಿಂದ ಭಾಗಿಸಿದರೆ, ಒಬ್ಬೊಬ್ಬನಿಗೆ ದಿನಕ್ಕೆ ಒಂದೂವರೆ ಕತ್ತರಿಕೆಯೂ ಬೀಳಲಿಲ್ಲವೆಂದು ಅವರು ಲೆಕ್ಕ ಹಾಕಿರುವರು. ದಿನವೆಲ್ಲ ಕುಳಿತು ಒಂದು ಕಡೆ ಕತ್ತರಿಸುವವನು ಸೋಮಾರಿಯಲ್ಲ. ಕತ್ತರಿಸಬಹುದಾಗಿದ್ದ ಬೇರೆ ಎಡೆಗಳನ್ನೆಲ್ಲ ನೋಡಿ, ಮಾಡಿ, ಅಳಿಸಿ, ಬೇಡವೆಂದು ತೀರ್ಮಾನಿಸಿದವನು. ಚೆನ್ನಾಗಿ ತೆಗೆದ ಚಿತ್ರವನ್ನು ಬಿಡುವುದು ಅತ್ಯಂತ ಕಷ್ಟ. ಬಹು ಶ್ರಮಪಟ್ಟು ಬೆಟ್ಟ ಹತ್ತಿ ತೆಗೆದ ಸೂರ್ಯೋದಯವಾದರೂ ಕಥೆಗೆ ಬೇಡವಾದರೆ ಹೋಗಲೇಬೇಕು. ಬೆಟ್ಟ ಹತ್ತಿದವನಿಗೆ ಅದನ್ನು ಬಿಡಲು ಮನಸ್ಸು ಬಾರದೆಂದೇ ಬೆಟ್ಟ ಹತ್ತದ ಒಬ್ಬನು ಈ ಕೆಲಸಕ್ಕೆ ಬೇಕಾಗುವುದು.

ಹುಡುಗಿ ಕೆಲಸ ಕಲಿಯಲು ಮೈಸೂರಿನ ಒಂದು ಮದುವೆ ಸ್ಟುಡಿಯೋಗೆ ಸೇರಿ ಎಂಟು ತಿಂಗಳಾಗಿದ್ದಾಗ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಒಂದು ಮದುವೆಯ ಚಿತ್ರ ಅವಳ ಕೈಗೆ ಬಂದಿತ್ತು. ವಧುವಿಗೆ ತಂದೆಯಿರಲಿಲ್ಲ. ಧಾರೆಯೆರೆದವರು ಚಿಕ್ಕಪ್ಪ ಚಿಕ್ಕಮ್ಮಂದಿರು. ತಾಯಿ ಮಂಟಪದ ಬಳಿಗೆ ಬಂದೇ ಇರಲಿಲ್ಲ. ಬಾರದ ಕಾರಣ ನಮ್ಮ ಮನೆಗಳವರಿಗೆಲ್ಲ ಗೊತ್ತು. ಮೂರನೆಯ ಕ್ಯಾಮೆರಾದವನು ಏನನ್ನೋ ಹುಡುಕುತ್ತ ತಿರುಗಿದಾಗ, ಊಟದ ಮನೆಯ ಬಾಗಿಲ ಕಂಬವನ್ನು ಹಿಡಿದು ನಿಂತು ಮಂಟಪದ ಕಡೆಗೆ ನೋಡುತ್ತಿದ್ದ ಆ ತಾಯಿ ಸ್ವಲ್ಪ ಕಾಲ ಚಿತ್ರಕ್ಕೆ ಸಿಕ್ಕಿದ್ದರು. ಚಿತ್ರ ಅಲುಗಾಡಿತ್ತು, ಬೆಳಕು ಸಾಲದು. ಸ್ಟುಡಿಯೋದ ಹಿರಿಯನು ಅದನ್ನು ಬೇಡದವುಗಳ ರಾಶಿಗೆ ಹಾಕಿದ್ದನು. ಹುಡುಗಿ ಅದನ್ನು ಎತ್ತಿ, ಧಾರೆಯ ನೀರು ಬೀಳುತ್ತಿರುವಾಗ, ಮಂತ್ರದ ಧ್ವನಿಯನ್ನು ಮುರಿಯದೆ, ನಾಲ್ಕು ಸೆಕೆಂಡು ಆ ತಾಯಿಯನ್ನು ಇಟ್ಟಳು. ನೂರು ಚಿತ್ರಗಳು. “ಮಂಗಳಕಾರ್ಯದ ನಡುವೆ ಇದೇಕೆ? ಮನೆಯವರು ಬೈದಾರು” ಎಂದು ಹಿರಿಯನು ತೆಗೆಯಹೇಳಿದನು. “ತೆಗೆಯುತ್ತೇನೆ ಸಾರ್, ಒಂದು ಸಲ ವಧುವನ್ನು ಕೇಳೋಣ” ಎಂದು ಇವಳು ಬೇಡಿಕೊಂಡಳು. ಅವನು ಒಪ್ಪಿದುದು ಅವನ ದೊಡ್ಡತನ. ವಧು ಬಂದು ನೋಡಿ, ಬಹಳ ಹೊತ್ತು ಮಾತಾಡದೆ ಕುಳಿತಿದ್ದು, “ಅಮ್ಮ ಎಲ್ಲಿ ನಿಂತಿದ್ದಳೆಂದು ನನಗೆ ಇಂದು ಗೊತ್ತಾಯಿತು. ಇರಲಿ” ಎಂದಳಂತೆ.

ಈ ನಾಲ್ಕು ಸೆಕೆಂಡುಗಳನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ಆ ಚಿತ್ರವನ್ನು ಊಟದ ಪಂಕ್ತಿಯ ಪಕ್ಕದಲ್ಲಿಟ್ಟಿದ್ದರೆ ಅಡಿಗೆಯ ಮೇಲ್ವಿಚಾರಣೆಗೆ ನಿಂತ ಒಬ್ಬ ಹೆಂಗಸಾಗಿ ಕಾಣುತ್ತಿದ್ದರು. ಧಾರೆಯ ಪಕ್ಕದಲ್ಲಿಟ್ಟುದರಿಂದ ತಾಯಿಯಾದರು. ಸನ್ನಿಧಿಯ ಬಲ ಅಷ್ಟು. ಹಾಗೆಯೇ ಅದರ ಭಯವೂ ಅಷ್ಟೇ. ಸಭೆಯಲ್ಲಿ ಒಬ್ಬರು, “ಕೆಲವರು ಹೀಗೆನ್ನುತ್ತಾರೆ, ಅದು ಸರಿಯಲ್ಲ” ಎಂದು ಭಾಷಣ ಮಾಡಿದರೆ, ಮೊದಲ ಮಾತನ್ನೂ ಕೊನೆಯ ಮಾತನ್ನೂ ಕತ್ತರಿಸಿ ನಡುವಣದನ್ನು ಮಾತ್ರ ಉಳಿಸಿ ಊರಿಗೆಲ್ಲ ಹಂಚಬಹುದು. ಹಂಚುತ್ತಲೂ ಇರುವರು. ಒಂದು ಅಕ್ಷರವನ್ನೂ ಹೊಸದಾಗಿ ಸೇರಿಸದೆ ಕೇವಲ ಕಳೆಯುವುದರಿಂದಲೇ ಸುಳ್ಳನ್ನು ಹುಟ್ಟಿಸಬಹುದಾದ ವೃತ್ತಿ ಇದು. ಆದುದರಿಂದ ಈ ಕೆಲಸಕ್ಕೆ ಹೋಗುವ ಮಕ್ಕಳಿಗೆ ಕೈಚಳಕವನ್ನು ಬೇರೆಯವರು ಕಲಿಸಲಿ; ಯಾವುದನ್ನು ಕಳೆಯಬಾರದೆಂಬ ವಿವೇಕವನ್ನು ಮನೆಯವರೇ ಕಲಿಸಬೇಕು.

ಈ ವೃತ್ತಿಗೆ ಪ್ರವೇಶ ಹೇಗೆಂಬುದನ್ನು ಈಗ ನೋಡೋಣ. ದಾರಿಗಳು ಎರಡು. ಒಂದು ಗುರುಕುಲದ್ದು. ಪುಣೆಯಲ್ಲಿ, ಹಿಂದೆ ಪ್ರಭಾತ್ ಸ್ಟುಡಿಯೋ ಇದ್ದ ಸ್ಥಳದಲ್ಲಿ, ೧೯೬೦ರಲ್ಲಿ ಸ್ಥಾಪಿತವಾದ ಸರಕಾರದ ಚಲಚ್ಚಿತ್ರ ಶಾಲೆಯಲ್ಲಿ ಸಂಕಲನಕ್ಕೆಂದೇ ಪ್ರತ್ಯೇಕ ಪಾಠಕ್ರಮವುಂಟು. ಕಲಕತ್ತೆಯಲ್ಲಿ ಸತ್ಯಜಿತ್ ರಾಯರ ಹೆಸರಿನ ಶಾಲೆಯಲ್ಲಿಯೂ ಉಂಟು. ಪ್ರವೇಶಪರೀಕ್ಷೆ ಕಠಿನ, ಸ್ಥಾನಗಳು ಕೆಲವೇ. ಪುಣೆಯಲ್ಲಿ ಕಲಿತು ೧೯೭೬ರಲ್ಲಿ ಹೊರಬಂದ ರೇಣು ಸಲೂಜಾ ಎಂಬಾಕೆ ‘ಪರಿಂದಾ’, ‘ಧಾರಾವಿ’, ‘ಸರ್ದಾರ್’, ‘ಗಾಡ್‌ಮದರ್’ ಎಂಬ ಚಿತ್ರಗಳಿಗಾಗಿ ನಾಲ್ಕು ಸಲ ರಾಷ್ಟ್ರಪ್ರಶಸ್ತಿಯನ್ನು ಪಡೆದು ೨೦೦೦ದಲ್ಲಿ ತೀರಿಕೊಂಡರು. ಹೆಣ್ಣುಮಕ್ಕಳಿಗೆ ಇದು ತಕ್ಕ ಕೆಲಸವೇ ಎಂದು ಕೇಳುವ ಹಿರಿಯರಿಗೆ ಈ ಹೆಸರನ್ನು ಹೇಳಬಹುದು. ನಮ್ಮ ಕನ್ನಡಿಗರೇ ಆದ ಸುರೇಶ್ ಅರಸ್ ಅವರು ೧೯೯೫ರ ‘ಬಾಂಬೆ’ ಚಿತ್ರದ ಸಂಕಲನಕ್ಕೆ ರಾಷ್ಟ್ರಪ್ರಶಸ್ತಿ ಪಡೆದುದೂ ನೆನಪಿಡತಕ್ಕ ಸಂಗತಿ.

ಎರಡನೆಯ ದಾರಿ ಕೈಗೆಲಸದ್ದು, ಅದೇ ಹಳೆಯದು. ಅಮೆರಿಕಾದ ಮಾರ್ಗರೆಟ್ ಬೂತ್ ಎಂಬಾಕೆ ೧೯೧೫ರ ಸುಮಾರಿಗೆ ಸೇರಿದುದು ಫಿಲ್ಮಿನ ತುಂಡುಗಳನ್ನು ಅಂಟಿಸಿ ಜೋಡಿಸುವ ಕೆಲಸಕ್ಕೆ. ಮುಂದೆ ಒಂದು ದೊಡ್ಡ ಚಿತ್ರಸಂಸ್ಥೆಯ ಮುಖ್ಯ ಸಂಕಲನಕಾರಳಾದಳು. ಕಾಲ ಬದಲಾದರೂ ಕ್ರಮ ಇದೇ. ೨೦೨೨ರಲ್ಲಿ ತೆರೆಕಂಡ ‘ಕೆ.ಜಿ.ಎಫ್. ಚಾಪ್ಟರ್ ೨’ ಎಂಬ ಕನ್ನಡ ಚಿತ್ರದ ಸಂಕಲನಕಾರರಾದ ಉಜ್ವಲ್ ಕುಲಕರ್ಣಿಯವರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ಅಭಿಮಾನದಿಂದ ಜೋಡಿಸಿ ಯೂಟ್ಯೂಬಿನಲ್ಲಿ ಹಾಕುತ್ತಿದ್ದ ತುಣುಕುಗಳಿಂದ ಅವರ ಕೈಗುಣ ತಿಳಿದುಬಂದಿತೆಂದು ಪತ್ರಿಕೆಗಳು ಬರೆದುವು. ಇದನ್ನು ಓದಿದ ಹುಡುಗರೆಲ್ಲರೂ ತಮಗೂ ನಾಳೆಯೇ ಅಂಥ ಕರೆ ಬರುವುದೆಂದು ಎಣಿಸಬಾರದು. ಇದರಿಂದ ತಿಳಿಯಬೇಕಾದ ನೀತಿ ಬೇರೆ: ಕೆಲಸ ಕೊಡುವವನು ಪ್ರಮಾಣಪತ್ರಕ್ಕಿಂತ ಮೊದಲು ಮಾಡಿಮುಗಿಸಿದ ಕೆಲಸವನ್ನು ನೋಡುವನು.

ಆದುದರಿಂದ ಮೊದಲು ಬೇಕಾದುದು ಲಕ್ಷ ರೂಪಾಯಿನ ಯಂತ್ರವಲ್ಲ. ಮನೆಯಲ್ಲಿರುವ ಫೋನಿನಿಂದ ಅಜ್ಜಿ ಹಪ್ಪಳ ಲಟ್ಟಿಸುವುದನ್ನು ಅರ್ಧ ಗಂಟೆ ಚಿತ್ರಿಸಿ, ಅದನ್ನು ಒಂದು ನಿಮಿಷಕ್ಕೆ ಇಳಿಸಲಿ. ನೋಡಿದವನಿಗೆ ಹಿಟ್ಟು ಹದವಾದುದರಿಂದ ಹಿಡಿದು ಹಪ್ಪಳ ಬಿಸಿಲಿಗೆ ಬಿದ್ದವರೆಗೆ ತಿಳಿಯಬೇಕು, ಅವಸರವೂ ಕಾಣಬಾರದು. ಇದನ್ನು ಹತ್ತು ಸಲ ಮಾಡಿದವರಿಗೆ ಈ ವಿದ್ಯೆ ತಮಗೆ ಹಿಡಿಸುವುದೇ ಇಲ್ಲವೇ ಎಂಬುದು ತಾನೇ ತಿಳಿಯುವುದು. ಒಳ್ಳೆಯ ಚಿತ್ರವೊಂದನ್ನು ಧ್ವನಿಯನ್ನಡಗಿಸಿ ನೋಡುತ್ತ, ಕತ್ತರಿಸಿದ ಎಡೆಗಳನ್ನು ಎಣಿಸುವುದು ಎರಡನೆಯ ಅಭ್ಯಾಸ. ಮೂರನೆಯದು ಚಿತ್ರವನ್ನು ಬಿಟ್ಟು ಧ್ವನಿಯನ್ನು ಮಾತ್ರ ಕೇಳುವುದು. ಮುಂದಿನ ದೃಶ್ಯದ ಧ್ವನಿಯನ್ನು ಒಂದು ಕ್ಷಣ ಮೊದಲೇ ಕೇಳಿಸುವ ಉಪಾಯವೊಂದುಂಟು. ದಿಬ್ಬಣ ಕಣ್ಣಿಗೆ ಬೀಳುವ ಮೊದಲು ಬೀದಿಯ ತಿರುವಿನಿಂದ ವಾಲಗ ಕೇಳಿಬರುವಂತೆ ಅದು. ಡಾವಿಂಚಿ ರಿಸಾಲ್ವ್ ಎಂಬ ಸಾಧನದ ಒಂದು ಆವೃತ್ತಿ ಬೆಲೆಯಿಲ್ಲದೆ ದೊರೆಯುವುದು. ಕಲಿಯುವುದಕ್ಕೆ ಅದು ಧಾರಾಳವಾಗಿ ಸಾಕು. ಅಡೋಬಿ ಪ್ರೀಮಿಯರ್ ಮೊದಲಾದುವಕ್ಕೆ ಬಾಡಿಗೆಯಂತೆ ಹಣ ಕಟ್ಟಬೇಕು; ಸಂಪಾದನೆ ಬಂದ ಮೇಲೆ ನೋಡಿಕೊಳ್ಳಬಹುದು. ಗುಂಡಿಗಳನ್ನು ಒತ್ತುವುದನ್ನಷ್ಟೇ ಕಲಿಸಿ ದೊಡ್ಡ ಶುಲ್ಕ ತೆಗೆದುಕೊಳ್ಳುವ ಕಡೆಗೆ ಹೋಗುವುದಕ್ಕಿಂತ, ತನ್ನ ಅತ್ಯುತ್ತಮ ಕೆಲಸಗಳನ್ನು ಎರಡು ನಿಮಿಷದೊಳಗಿನ ಒಂದು ಶೋ ರೀಲಾಗಿ ಜೋಡಿಸಿಕೊಂಡು, ಯಾರಾದರೂ ಬಲ್ಲವರ ಬಳಿ ಸಹಾಯಕನಾಗಿ ನಿಲ್ಲುವುದು ಮೇಲು. ಸಹಾಯಕನ ಕೆಲಸವೆಂದರೆ ಪ್ರತಿಮಾಡುವುದು, ಹೆಸರಿಡುವುದು, ಧ್ವನಿ ಹೊಂದಿಸುವುದು. ನೀರಸವೆಂದು ತೋರಿದರೂ, ಬೇರೊಬ್ಬರು ಏಕೆ ಬಿಟ್ಟರು, ಏಕೆ ಉಳಿಸಿದರು ಎಂಬುದನ್ನು ನೋಡಿ ಕಲಿಯುವ ಸ್ಥಳ ಅದೇ.

ವ್ಯವಹಾರದ ಮಾತನ್ನೂ ಮುಚ್ಚಿಡಬಾರದು. ನಮ್ಮ ಹುಡುಗಿ ಮೊದಲು ಹೋದ ಒಂದು ಕಡೆಯಲ್ಲಿ, ಪರೀಕ್ಷೆಗೆಂದು ಹೇಳಿ ಮೂರು ಚಿತ್ರಗಳನ್ನು ಅವಳಿಂದ ಜೋಡಿಸಿಕೊಂಡರು. ಕೆಲಸವನ್ನೂ ಕೊಡಲಿಲ್ಲ, ಹಣವನ್ನೂ ಕೊಡಲಿಲ್ಲ. ಎರಡು ವಾರದ ತರುವಾಯ ಆ ಮೂರೂ ಅವರ ಗಿರಾಕಿಗಳ ಪ್ರಕಟಣೆಗಳಾಗಿ ಹೊರಬಂದುವು. ಅವಳ ತಂದೆ ಕೋಪದಿಂದ, “ಇದಕ್ಕೋ ನಿನ್ನನ್ನು ಓದಿಸಿದ್ದು?” ಎಂದನು. ಕೋಪಕ್ಕಿಂತ ಪದ್ಧತಿ ಪ್ರಯೋಜನಕಾರಿ. ಎಷ್ಟು ನಿಮಿಷದ ಕೆಲಸ, ಯಾವ ದಿನಕ್ಕೆ, ಎಷ್ಟು ಹಣ, ಎಷ್ಟು ಸಲ ತಿದ್ದಿಕೊಡಬೇಕು, ಮುಂಗಡವೆಷ್ಟು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಬೇಕು. ಎರಡು ತಿದ್ದುಪಡಿಗೆ ಒಪ್ಪಿದರೆ ಮೂರನೆಯದಕ್ಕೆ ಬೇರೆ ಹಣ. ಯಾರದೋ ಚಿತ್ರಗೀತೆಯನ್ನು ಕೇಳದೆ ಹಾಕಿದರೆ ಹಕ್ಕುದಾರರು ಆಕ್ಷೇಪಿಸುವರು. ಗಿರಾಕಿ ಬೇಕೆಂದರೂ ಇದನ್ನು ತಿಳಿಸಿ ಹೇಳಬೇಕು. ಮದುವೆಯ ಋತುವಿನಲ್ಲಿ ರಾತ್ರಿ ನಿದ್ದೆಯಿಲ್ಲ, ಆಷಾಢದಲ್ಲಿ ಕೆಲಸವೇ ಇಲ್ಲ. ಆದುದರಿಂದ ಬಂದ ತಿಂಗಳಲ್ಲಿ ಬಾರದ ತಿಂಗಳಿಗೆ ಎತ್ತಿಡಬೇಕು. ಕಣ್ಣಿಗೂ ಬೆನ್ನಿಗೂ ಆಗಾಗ ಬಿಡುವು ಕೊಡಬೇಕು. ಇದನ್ನು ಹೇಳುವ ಅಧಿಕಾರ ತಾಯಂದಿರದು.

ಈಚೆಗೆ ಯಂತ್ರಬುದ್ಧಿಯ ಭಯವೊಂದು ಹೊಸದಾಗಿ ಸೇರಿದೆ. ಮಾತನ್ನು ಕೇಳಿ ಅಕ್ಷರಕ್ಕಿಳಿಸುವುದು, ಮಾತುಗಳ ನಡುವಣ ಮೌನವನ್ನು ಹುಡುಕಿ ತಾನೇ ತೆಗೆದುಹಾಕುವುದು, ಇವನ್ನೆಲ್ಲ ಈಗ ಸಾಧನಗಳೇ ಮಾಡುತ್ತಿವೆ. ಬರಿಯ ಕೈಕೆಲಸವನ್ನು ನಂಬಿದವರಿಗೆ ಇದರಿಂದ ನಷ್ಟವಾಗದೆಂದು ನಾನು ಹೇಳಲಾರೆ. ಆದರೆ ಮೌನಗಳೆಲ್ಲ ಒಂದೇ ಬಗೆಯವಲ್ಲ. ಮಾತು ಮರೆತವನ ಮೌನ ಬೇರೆ, ಮಾತು ಗಂಟಲಲ್ಲಿ ನಿಂತವನ ಮೌನ ಬೇರೆ. ಮೊದಲನೆಯದನ್ನು ಕಳೆದು ಎರಡನೆಯದನ್ನು ಉಳಿಸಬಲ್ಲವರಿಗೆ ಅನ್ನ ತಪ್ಪಲಾರದು.

ತಮ್ಮನಿಗೆ ನಾನು ಹೇಳಿದುದು ಇಷ್ಟು: ಒಂದು ವರ್ಷ ಅವಕಾಶ ಕೊಡು, ಬ್ಯಾಂಕಿನ ಪರೀಕ್ಷೆ ಮುಂದಿನ ವರ್ಷವೂ ನಡೆಯುವುದು, ಯಂತ್ರವನ್ನು ಮಾತ್ರ ಅವಳು ತನ್ನ ದುಡಿಮೆಯಿಂದಲೇ ಕೊಳ್ಳಲಿ, ಅಲ್ಲಿಯವರೆಗೆ ಸ್ಟುಡಿಯೋದ ಯಂತ್ರದಲ್ಲಿಯೇ ಕಲಿಯಲಿ. ಹುಡುಗಿ ಇದಕ್ಕೆ ಒಪ್ಪಿದಳು. ಹದಿನಾಲ್ಕನೆಯ ತಿಂಗಳಿನಲ್ಲಿ ಅರ್ಧ ಹಣ ಕೈಯಿಂದ ಕೊಟ್ಟು, ಉಳಿದರ್ಧವನ್ನು ಕಂತಿನಲ್ಲಿ ಕಟ್ಟುವಂತೆ ಮಾಡಿಕೊಂಡು ಯಂತ್ರವನ್ನು ಮನೆಗೆ ತಂದಳು. ಸಂಬಳ ಬ್ಯಾಂಕಿನಷ್ಟಿಲ್ಲ, ಇನ್ನು ಮೂರು ವರ್ಷಕ್ಕೆ ಏನಾಗುವುದೋ ಯಾರು ಬಲ್ಲರು? ಕಂತು ತಪ್ಪಿಲ್ಲವೆಂಬುದು ಈವರೆಗಿನ ಸಮಾಧಾನ.

ಮಕ್ಕಳು ಹೊಸ ವೃತ್ತಿಯೊಂದರ ಹೆಸರನ್ನು ಹೇಳಿದಾಗ, ಅದರಿಂದ ತಿಂಗಳಿಗೆ ಎಷ್ಟು ಬರುವುದೆಂದು ನಾವು ಮೊದಲು ಕೇಳುತ್ತೇವೆ. ಕೇಳತಕ್ಕದ್ದೇ, ಸಂಸಾರಸ್ಥರಿಗೆ ಅದು ಸಹಜ. ಅದರೊಡನೆ ಇನ್ನೊಂದನ್ನೂ ಕೇಳಬಹುದು: “ನೀನು ಮಾಡಿಮುಗಿಸಿದುದು ಒಂದನ್ನು ತೋರಿಸು, ಪಕ್ಕದಲ್ಲಿ ಕುಳಿತು ನೋಡುತ್ತೇನೆ.” ತೋರಿಸಲು ಏನೂ ಇಲ್ಲದಿದ್ದರೆ ಇನ್ನೂ ಕಾಯಬಹುದು. ತೋರಿಸಿದರೆ, ಕೊನೆಯವರೆಗೆ ನೋಡಿ, ಯಾವುದನ್ನು ಬಿಟ್ಟೆ, ಏಕೆ ಬಿಟ್ಟೆ ಎಂದು ವಿಚಾರಿಸಬೇಕು. ಮಗು ಅದಕ್ಕೆ ಕೊಡುವ ಉತ್ತರದಿಂದ ಆ ಮಗುವಿನ ಮನಸ್ಸು ಎಷ್ಟು ಮಾಗಿದೆಯೆಂಬುದು ತಂದೆತಾಯಿಗಳಿಗೆ ತಿಳಿದೀತು. ಮುಂದಿನ ದಾರಿಯನ್ನು ಇಬ್ಬರೂ ಕೂಡಿ ಯೋಚಿಸುವುದಕ್ಕೆ ಅಷ್ಟು ಸಾಕು.